ಸೋಮನಿಂಗಪ್ಪನವರ ಹೊಗೆಗಂಟೆ

ಬೆಳುಂಕಿಯ ಕಿರಾಣಿ ಅಂಗಡಿಯ ಸೋಮನಿಂಗಪ್ಪನವರಿಗೆ ಇಡೀ ಓಣಿಯ ಮೇಲೆ ಒಂದು ಅನುಮಾನವಿತ್ತು. ತಮ್ಮ ಮನೆಗೆ ಬೆಂಕಿ ಬಿದ್ದರೆ ಒಬ್ಬ ನರಪಿಳ್ಳೆಯೂ ಓಡಿ ಬರುವುದಿಲ್ಲ ಎಂಬುದೇ ಆ ಅನುಮಾನ. ಅನುಮಾನ ಎನ್ನುವುದಕ್ಕಿಂತ ಅದು ಏಳು ವರ್ಷಗಳ ಅನುಭವ. ಈ ಏಳು ವರ್ಷಗಳಲ್ಲಿ ಅವರ ಮನೆಯ ಹೊಗೆಗಂಟೆ ವಾರಕ್ಕೆ ಮೂರು ನಾಲ್ಕು ಸಲ ತಪ್ಪದೆ ಹೊಡೆದುಕೊಂಡಿತ್ತು. ಒಮ್ಮೆಯಾದರೂ ಯಾರಾದರೂ ಒಂದು ತಂಬಿಗೆ ನೀರು ಹಿಡಿದು ಬಂದಿದ್ದರೆ ಕೇಳಿ. ಎದುರು ಮನೆಯ ಕುರಿಗಾರ ಬೀರದೇವನಂತೂ ಕಟ್ಟೆಯ ಮೇಲೆ ಉಣ್ಣೆ ನೂಲುತ್ತ ಕುಳಿತವನು ತಕಲಿಯನ್ನು ಕೂಡ ನಿಲ್ಲಿಸುತ್ತಿರಲಿಲ್ಲ. ಹೊಗೆ ಪರೀಕ್ಷಿಸಲು ಏಣಿ ಹತ್ತಿ ಮಾಳಿಗೆಯ ಮೇಲೆ ನಿಂತ ಸೋಮನಿಂಗಪ್ಪನವರನ್ನು ನೋಡಿ ಕೆಳಗಿನಿಂದಲೇ ಕೇಳುತ್ತಿದ್ದ.

"ಮ್ಯಾಲ ಹತ್ತೀರೇನ್ರಿ ಸಾವಕಾರ್ರ? ಹಂಗ ಪಡುವಣಕ್ಕ ಮಾಡ ಏನರೆ ಅದಾವೇನ ನೋಡಿ ಹೇಳ್ರಿ."

ನೆರೆಮನೆ ಉರಿಯುತ್ತಿರಬಹುದು ಎಂದು ಗಂಟೆ ಸಾರಿ ಹೇಳುತ್ತಿರುವಾಗ ಮಳೆಯ ಮೋಡ ವಿಚಾರಿಸುವ ಮನುಷ್ಯನನ್ನು ಏನೆಂದು ತಿಳಿಯಬೇಕು?

ಮೊದಲು ಈ ಹೊಗೆಗಂಟೆಯ ವಂಶಾವಳಿ ಹೇಳಬೇಕು. ಮನೆಗೆ ಕರೆಂಟು ಬಂದ ವರ್ಷ, ಅಂದರೆ ಅರವತ್ತೇಳರಲ್ಲಿ, ಮಾಲು ತರಲು ಸೊಲ್ಲಾಪುರಕ್ಕೆ ಹೋದ ಸೋಮನಿಂಗಪ್ಪನವರು ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ಅದನ್ನು ಕಂಡರು. ಯಾವುದೋ ಮುಚ್ಚಿಹೋದ ಕಾರಖಾನೆಯ ಗೋದಾಮಿನಿಂದ ಕಿತ್ತು ತಂದಿದ್ದ, ಬೋರಲು ಹಾಕಿದ ಜರಡಿಯಂಥ ಮೂರು ಡಬ್ಬಿಗಳು. ಜೊತೆಗೆ ಒಂದು ಗಂಟೆ. ಡಬ್ಬಿಗಳನ್ನು ಜಂತಿಗೆ ಬಡಿದು, ಗೋಡೆಗುಂಟ ವಾಯರು ಎಳೆದು ಗಂಟೆಗೆ ಕೂಡಿಸಿದರೆ ಮುಗಿಯಿತು. ಹೊಗೆ ತಾಗಿದೊಡನೆ ಗಂಟೆ ತಾನಾಗಿ ಹೊಡೆದುಕೊಳ್ಳುತ್ತದೆ. ಅಂಗಡಿಯವನು ಒಂದು ಡಬ್ಬಿಗೆ ಬೀಡಿಯ ಹೊಗೆ ಊದಿ ತೋರಿಸಿಯೂ ಬಿಟ್ಟ. (ಉಳಿದೆರಡಕ್ಕೆ ಯಾಕೆ ಊದಲಿಲ್ಲ ಎಂದು ಸೋಮನಿಂಗಪ್ಪನವರು ಆಗ ಅನುಮಾನಿಸಬೇಕಿತ್ತು. ಜೀವಮಾನದಲ್ಲಿ ಅವರು ಅನುಮಾನಿಸದೆ ಬಿಟ್ಟ ಸಂದರ್ಭ ಅದೊಂದೇ.)

ಅವರ ಅಂಗಡಿ, ನಡುಮನೆ, ಅಡುಗೆಮನೆ ಮೂರೂ ಒಂದರ ಬೆನ್ನಿಗೆ ಒಂದು. ನಡುಮನೆಯಲ್ಲಿ ಚಿಮಣಿ ಎಣ್ಣೆಯ ಪೀಪಾಯಿ, ಅದರ ಪಕ್ಕಕ್ಕೆ ಆಳೆತ್ತರ ಪೇರಿಸಿದ, ಕಡ್ಡಿಪೆಟ್ಟಿಗೆ ತುಂಬಿದ ಖೋಕೆಗಳು. ಅವಕ್ಕೂ ಹೆಂಡತಿ ಸಿದ್ದಲಿಂಗವ್ವನ ಒಲೆಗೂ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಆ ಗೋಡೆಯನ್ನು ಅವರ ಅಜ್ಜ ಕಟ್ಟಿಸಿದ್ದರು. ಅಜ್ಜನ ಮೇಲೂ ಅವರಿಗೆ ಪೂರ್ತಿ ನಂಬಿಕೆ ಇರಲಿಲ್ಲ.

ಸಂಖದ ವಾಯರಮನ್ ಅಮೋಗಸಿದ್ದ ಬಂದು ಮೂರು ಕೋಣೆಗೂ ಮೂರು ಡಬ್ಬಿ ಬಡಿದ. ಗಂಟೆ ಹೊರಗೋಡೆಗೆ ಏರಿತು. ಮರುದಿನ ಸಿದ್ದಲಿಂಗವ್ವ ಪುಂಡಿಪಲ್ಯಕ್ಕೆ ಒಗ್ಗರಣೆ ಹಾಕಿದಳು; ಗಂಟೆ ಹೊಡೆಯಿತು. ರೊಟ್ಟಿ ಸುಟ್ಟಳು, ಹೊಡೆಯಿತು. ದೇವರಿಗೆ ಲೋಬಾನ ಹಾಕಿದಳು; ಮಂಗಳಾರತಿಗೂ ಮೊದಲೇ ಹೊಡೆಯಿತು. ಎಂಟು ದಿನ ಆಕೆ ತಡೆದುಕೊಂಡಳು. ಒಂಬತ್ತನೆಯ ದಿನ ಟ್ರಂಕು ಹೊರಗೆಳೆದು, ಈ ಮನೆಯಲ್ಲಿ ಗಂಟೆಯಾದರೂ ಇರಬೇಕು, ತಾನಾದರೂ ಇರಬೇಕು, ಕರಜಗಿಯ ತವರುಮನೆ ದೂರವೇನಿಲ್ಲ ಎಂದು ಹೇಳಿದಳು. ಸೋಮನಿಂಗಪ್ಪನವರು ಆ ಮಾತು ಕೇಳಿಕೊಂಡೇ ಜತ್ತದ ಸಂತೆಗೆ ಹೋದರು. ಮರಳಿ ಬರುವಷ್ಟರಲ್ಲಿ ಅಮೋಗಸಿದ್ದ ಬಂದು ಯಂತ್ರವನ್ನು ಸ್ವಲ್ಪ "ಹದ" ಮಾಡಿ ಹೋಗಿದ್ದಾನೆಂದು ತಿಳಿಯಿತು. ಟ್ರಂಕು ತನ್ನ ಜಾಗಕ್ಕೆ ಮರಳಿತ್ತು.

ಅಂದಿನಿಂದ ಯಂತ್ರಕ್ಕೆ ಬುದ್ಧಿ ಬಂತು. ಒಗ್ಗರಣೆ ಯಾವುದು, ಗಂಡಾಂತರ ಯಾವುದು ಎಂಬ ವಿವೇಕ ಅದಕ್ಕೆ ಮೂಡಿತು. ಇನ್ನೂ ಆಶ್ಚರ್ಯವೆಂದರೆ, ಅದು ಹೆಚ್ಚಾಗಿ ಹೊಡೆಯುತ್ತಿದ್ದದ್ದು ಸೋಮನಿಂಗಪ್ಪನವರು ಅಡುಗೆಮನೆಯಲ್ಲಿ ಇದ್ದಾಗಲೇ. ಅವರು ಅಲ್ಲಿಗೆ ಹೋಗುತ್ತಿದ್ದದ್ದು ತನಿಖೆಗೆ. ಬೇಳೆ ಬೆಂದಿದೆಯೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡುವುದು, ಬದನೆಕಾಯಿಗೆ ಇಷ್ಟೊಂದು ಎಣ್ಣೆ ಯಾಕೆ ಎಂದು ಕೇಳುವುದು, ಹಿಟ್ಟಿನಲ್ಲಿ ಬೆರಳಾಡಿಸಿ ಗಿರಣಿಯವನು ಬೇರೆಯವರ ಜೋಳ ಕೂಡಿಸಿದ್ದಾನೆಂದು ಶಂಕಿಸುವುದು. ಹೀಗೆ ಮೂರನೆಯ ಮುಚ್ಚಳಕ್ಕೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುತ್ತಿತ್ತು. ಯಜಮಾನ ಹತ್ತಿರವಿದ್ದಾಗಲೇ ಎಚ್ಚರಿಸುವ ಯಂತ್ರದ ಈ ಸ್ವಾಮಿನಿಷ್ಠೆ ಅವರ ಮನಸ್ಸನ್ನು ತುಂಬಿಸುತ್ತಿತ್ತು. ಮನೆಯಲ್ಲಿ ಅವರು ಸಂಶಯಪಡದ ಜೀವ ಅದೊಂದೇ.

ಗಂಟೆ ಹೊಡೆದರೆ ಏನು ಮಾಡಬೇಕೆಂಬ ಶಾಸನವನ್ನೂ ಅವರೇ ರಚಿಸಿದ್ದರು. ಓಣಿಯ ಜನರನ್ನು ಕಟ್ಟೆಯ ಮೇಲೆ ಕೂಡಿಸಿ, ಚುರಮುರಿ ಹಂಚಿ, ಪಾಠ ಹೇಳಿದ್ದರು. ಗಂಟೆ ಕೇಳಿದವರು ಕೈಗೆ ಸಿಕ್ಕ ಪಾತ್ರೆಯಲ್ಲಿ ನೀರು ತುಂಬಿಕೊಂಡು ಓಡಿ ಬರಬೇಕು. ಬೆಂಕಿ ಎಲ್ಲಿದೆ ಎಂದು ಹುಡುಕುತ್ತ ನಿಲ್ಲಬಾರದು. ಮೊದಲು ನಡುಮನೆಗೆ ಹೋಗಿ ಕಡ್ಡಿಪೆಟ್ಟಿಗೆಯ ಖೋಕೆಗಳ ಮೇಲೆ ನೀರು ಸುರಿಯಬೇಕು; ಅವು ಹೊತ್ತಿಕೊಂಡರೆ ಊರೇ ಹೋಗುತ್ತದೆ. ಸೋಮನಿಂಗಪ್ಪನವರು ಮಾತ್ರ ಏಣಿ ಹತ್ತಿ, ಮಾಳಿಗೆಯ ಬೆಳಕಿಂಡಿಯಿಂದ ಬರುವ ಹೊಗೆಯ ಬಣ್ಣ ನೋಡಿ ಅಪಾಯದ ಪ್ರಮಾಣ ನಿರ್ಧರಿಸುವವರು. ಜನ ಚುರಮುರಿ ತಿಂದರು, ತಲೆ ಆಡಿಸಿದರು. ಆಮೇಲೆ ನಡೆದದ್ದನ್ನು ಆಗಲೇ ಹೇಳಿದ್ದೇನೆ. ಗಂಟೆ ಹೊಡೆದಾಗಲೆಲ್ಲ ಅವರೊಬ್ಬರೇ ಮಾಳಿಗೆ ಏರಿ, ಅರ್ಧ ತಾಸು ಬಿಳಿ ಹೊಗೆಯನ್ನು ಮೂಸಿ, ಕುಳ್ಳಿನದೇ ಎಂದು ಖಾತ್ರಿ ಮಾಡಿಕೊಂಡು ಇಳಿಯುತ್ತಿದ್ದರು. ಅಷ್ಟರಲ್ಲಿ ಅಡುಗೆ ಆಗಿರುತ್ತಿತ್ತು.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಅವರು ಮಳೆಗಾಲದ ಮಾಲು ತುಂಬಲು ಮತ್ತೆ ಸೊಲ್ಲಾಪುರಕ್ಕೆ ಹೋದರು. ಮಳೆ ಹಿಡಿದರೆ ಬೆಳುಂಕಿಗೆ ಗಾಡಿ ಬರುವುದು ಕಷ್ಟ. ಆಮೇಲೆ ನಾಲ್ಕು ತಿಂಗಳು ಸುತ್ತಲಿನ ಒಲೆಗಳೆಲ್ಲ ಹೊತ್ತಬೇಕಾದದ್ದು ಅವರ ಅಂಗಡಿಯ ಕಡ್ಡಿಯಿಂದ. ಆ ಸಲ ನಡುಮನೆಯ ಜಂತಿ ಮುಟ್ಟುವಷ್ಟು ಖೋಕೆ ತಂದರು. ಅದೇ ಪೇಟೆಯಲ್ಲಿ ಒಬ್ಬ ಬಲ್ಲವನು, ಇಂಥ ಡಬ್ಬಿಗಳಿಗೆ ಆಯುಷ್ಯವಿರುತ್ತದೆ, ಏಳೆಂಟು ವರ್ಷಕ್ಕೆ ಬದಲಿಸದಿದ್ದರೆ ಇದ್ದೂ ಇಲ್ಲದಂತೆ ಎಂದು ಹೇಳಿದ್ದೇ ತಡ, ಮೂರು ಹೊಸ ಡಬ್ಬಿಗಳನ್ನೂ ಕೊಂಡು ತಂದರು.

ಅಮೋಗಸಿದ್ದನನ್ನು ಕರೆಸಿ ಹಳೆಯವನ್ನು ಕಿತ್ತು ಹೊಸವನ್ನು ಹಾಕೆಂದರು. ಅವನ ಮುಖ ಬಾಡಿತು.

"ಯಾಕ್ರಿ ಸಾವಕಾರ್ರ, ಹಳೇವು ಭಾಳ ಚಲೋ ಅದಾವಲ್ರಿ. ಗಂಟಿ ಹೊಡಿಯೂದ ನಿಂತದೇನು?"

"ನಿಂತಿಲ್ಲ. ನಿಲ್ಲೂಕಿಂತ ಮದಲ ಹೊಸಾವ ಹಾಕು."

"ಈ ವಾರ ಕೈ ಖಾಲಿ ಇಲ್ರಿ. ಮುಂದಿನ ವಾರ ನೋಡೂಣು."

ಕೆಲಸ ಬೇಡವೆನ್ನುವ ವಾಯರಮನ್ನನನ್ನು ಸೋಮನಿಂಗಪ್ಪನವರು ಅಲ್ಲಿಯವರೆಗೆ ಕಂಡಿರಲಿಲ್ಲ. ಅವರ ಹುಬ್ಬು ಗಂಟಾಯಿತು. ಒಳಗಿನಿಂದ ಸಿದ್ದಲಿಂಗವ್ವನೂ ಧ್ವನಿ ಕೂಡಿಸಿದಳು. ಹಳೆಯ ಡಬ್ಬಿ ಮನೆಗೆ ಒಗ್ಗಿದೆ, ಏಳು ವರ್ಷ ಮನೆಯ ಮಗನಂತೆ ಕಾಯ್ದಿದೆ, ಅದನ್ನು ಕೀಳುವುದು ತನ್ನ ಮನಸ್ಸಿಗೆ ಬರುವುದಿಲ್ಲ ಎಂದಳು. ಯಾವ ಡಬ್ಬಿಗಾಗಿ ಟ್ರಂಕು ಹೊರಗೆಳೆದಿದ್ದಳೋ ಅದೇ ಡಬ್ಬಿಯ ಮೇಲೆ ಈ ಪುತ್ರವಾತ್ಸಲ್ಯ. ಅದು ಸಾಲದೆಂಬಂತೆ, ಅಮೋಗಸಿದ್ದ ಹೊರಡುವಾಗ ಆಕೆ ಅವನಿಗೆ ಮಜ್ಜಿಗೆ ಕೊಟ್ಟಳು. ಮೇಲೆ ನಾಲ್ಕು ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು. ಕೆಲಸ ಮಾಡದೆ ಹೋದ ಮನುಷ್ಯನಿಗೆ ಹೋಳಿಗೆ.

ಆ ಮಧ್ಯಾಹ್ನ ಅವರಿಗೆ ನಿದ್ದೆ ಹತ್ತಲಿಲ್ಲ. ಹಾಸಿಗೆಯ ಮೇಲೆ ಹೊರಳುತ್ತ ಎಲ್ಲವನ್ನೂ ಕೂಡಿಸಿ ನೋಡಿದರು. ಹಳೆಯ ಡಬ್ಬಿಯೊಳಗೆ ಏನೋ ಬೆಲೆಯುಳ್ಳದ್ದು ಇರಬೇಕು. ಬೆಳ್ಳಿಯ ತಂತಿಯೋ, ಪರದೇಶದ ಹಿತ್ತಾಳೆಯೋ. ಅದು ಇವರಿಬ್ಬರಿಗೂ ಗೊತ್ತಿದೆ. ತಮ್ಮ ಕಣ್ಣು ತಪ್ಪಿಸಿ ಬಿಚ್ಚಿಕೊಳ್ಳಲು ವೇಳೆ ನೋಡುತ್ತಿದ್ದಾರೆ. ಬೀರದೇವನಿಗೂ ಇದರಲ್ಲಿ ಪಾಲಿರಬೇಕು. ಇಲ್ಲದಿದ್ದರೆ ಗಂಟೆ ಹೊಡೆದಾಗ ಅಷ್ಟು ನೆಮ್ಮದಿಯಿಂದ ನೂಲುವವನು ಯಾರು? ಇನ್ನು ತಾವೇ ಬಿಚ್ಚಿ ನೋಡುವುದೊಂದೇ ದಾರಿ ಎಂದು ಅವರು ನಿಶ್ಚಯಿಸಿದರು.

ಅವಕಾಶ ಶನಿವಾರ ಮುಂಜಾನೆ ಸಿಕ್ಕಿತು. ಓಣಿಯ ಹೆಂಗಸರೆಲ್ಲ ಸೇರಿ ಶಾವಿಗೆ ಹೊಸೆಯುವ ದಿನ ಅದು. ಬೇವಿನ ನೆರಳಲ್ಲಿ ಮಣೆ ಇಟ್ಟುಕೊಂಡು, ಬೀರದೇವನ ಹೆಂಡತಿ ಯಮನವ್ವ ಎಳೆ ತೆಗೆಯುತ್ತಿದ್ದಳು, ಸಿದ್ದಲಿಂಗವ್ವ ಮೊಣಕೈವರೆಗೆ ಕಣಕದಲ್ಲಿ ಮುಳುಗಿದ್ದಳು. ಎಳೆಗಳು ಕೋಲಿನ ಮೇಲೆ ಸಾಲಾಗಿ ತೂಗುತ್ತಿದ್ದವು. ಸೋಮನಿಂಗಪ್ಪನವರು ಅಂಗಡಿಯ ಬಾಗಿಲು ಅರ್ಧ ಎಳೆದು, ಸ್ಟೂಲು ಹಿಡಿದು ಮೆಲ್ಲಗೆ ಅಡುಗೆಮನೆ ಸೇರಿದರು.

ಡಬ್ಬಿಯ ಮುಚ್ಚಳ ತಿರುವಿದರು. ಬೆಳ್ಳಿ ಇರಲಿಲ್ಲ. ಹಿತ್ತಾಳೆಯೂ ಇರಲಿಲ್ಲ. ಕಣಜದ ಹುಳ ಕಟ್ಟಿದ ಮಣ್ಣಿನ ಗೂಡೊಂದು, ಅದೂ ಹಳೆಯದು, ಅವರ ಬೋಳುತಲೆಯ ಮೇಲೆ ಉದುರಿತು. ಡಬ್ಬಿಗೆ ಬರಬೇಕಾದ ವಾಯರು ಡಬ್ಬಿಯ ತನಕ ಬಂದು, ಒಳಗೆ ಹೋಗದೆ ಪಕ್ಕಕ್ಕೆ ತಿರುಗಿತ್ತು. ಸೋಮನಿಂಗಪ್ಪನವರು ಸ್ಟೂಲಿನಿಂದ ಇಳಿದು, ಗೋಡೆಗುಂಟ ವಾಯರಿನ ಮೇಲೆ ಬೆರಳಿಟ್ಟು ಗೇಣು ಗೇಣಾಗಿ ಹಿಂಬಾಲಿಸಿದರು. ಅದರ ಮೇಲೆ ಗೋಡೆಯ ಸುಣ್ಣವನ್ನೇ ಬಳಿಯಲಾಗಿತ್ತು. ಅದು ಒಲೆಯ ಬದಿಗೆ ಇಳಿದು, ಗೋಡೆಯ ಮಾಡದೊಳಗೆ ನುಗ್ಗಿ, ಉಪ್ಪಿನಕಾಯಿಯ ಭರಣಿಯ ಹಿಂದೆ ಮಾಯವಾಗಿತ್ತು. ಭರಣಿ ಸರಿಸಿದರು. ಅಲ್ಲೊಂದು ಬಿಳಿಯ ಗುಂಡಿ. ಅದರ ಮೇಲೆ ಅರಿಷಿಣದ ಬೆರಳಿನ ಗುರುತು. ಏಳು ವರ್ಷ ಒತ್ತಿ ಒತ್ತಿ ಗುಂಡಿಯ ನಡುವೆ ಸಣ್ಣ ಗುಳಿ ಬಿದ್ದಿತ್ತು.

ಅರ್ಥವಾಗಲಿಲ್ಲವೆಂದಲ್ಲ. ಆದರೆ ಸಂಶಯದ ಮನುಷ್ಯ ಅರ್ಥವಾದದ್ದನ್ನೂ ಖಾತ್ರಿ ಮಾಡಿಕೊಳ್ಳದೆ ಬಿಡುವುದಿಲ್ಲ. ಒತ್ತಿದರು. ಹೊರಗೆ ಗಂಟೆ ಹೊಡೆಯಿತು. ಬಿಟ್ಟರು, ನಿಂತಿತು. ಮತ್ತೊಮ್ಮೆ ಒತ್ತಿದರು. ಹೊಡೆಯಿತು. ಮೂರನೆಯ ಸಲ ಸಿಟ್ಟಿನಿಂದ ಒತ್ತಿ ಹಿಡಿದೇ ನಿಂತರು.

ಹೊರಗೆ ಆದದ್ದು ಅವರಿಗೆ ಆಮೇಲೆ ತಿಳಿಯಿತು. ಮೊದಲ ಸಲ ಗಂಟೆ ಹೊಡೆದಾಗ ಎಲ್ಲ ಹೆಂಗಸರೂ ಸಿದ್ದಲಿಂಗವ್ವನ ಕಡೆ ನೋಡಿದರಂತೆ. ಸಿದ್ದಲಿಂಗವ್ವ ತನ್ನ ಎರಡೂ ಕೈ ನೋಡಿಕೊಂಡಳಂತೆ. ಎರಡೂ ಕಣಕದಲ್ಲಿದ್ದವು. ಏಳು ವರ್ಷದಲ್ಲಿ ಮೊದಲ ಸಲ ಬೀರದೇವನ ತಕಲಿ ನಿಂತಿತು. ಗಂಟೆ ಮೂರನೆಯ ಸಲ ಹೊಡೆದುಕೊಂಡು ನಿಲ್ಲದೇ ಹೋದಾಗ ಓಣಿಗೆ ಓಣಿಯೇ ಎದ್ದಿತು.

ಸೋಮನಿಂಗಪ್ಪನವರು ಕಾಲ ಸಪ್ಪಳ ಕೇಳಿ ನಡುಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಮೊದಲನೆಯ ಕೊಡ ಬಿತ್ತು. ಜನ ಒಂದು ಅಕ್ಷರವನ್ನೂ ಮರೆತಿರಲಿಲ್ಲ. ಬೆಂಕಿ ಎಲ್ಲಿ ಎಂದು ಯಾರೂ ಹುಡುಕಲಿಲ್ಲ. ನೇರವಾಗಿ ಖೋಕೆಗಳ ಮೇಲೆ ಸುರಿದರು. ಬೀರದೇವ ಕುರಿಗಳಿಗೆ ಇಟ್ಟ ಬಾನಿಯ ನೀರನ್ನು ತಂದ. ಯಮನವ್ವ ಕಣಕ ಕಲಸುವ ನೀರನ್ನು ತಂದಳು. ನಿಲ್ಲಿಸಿ ಎಂದು ಕೈ ಎತ್ತಿ ಅಡ್ಡ ನಿಂತ ಸೋಮನಿಂಗಪ್ಪನವರ ಮೇಲೂ, ಬಹುಶಃ ಮೈಗೆ ಹೊತ್ತಿಕೊಂಡಿದೆ ಎಂದುಕೊಂಡು, ಎರಡು ಕೊಡ ಧಾರಾಳವಾಗಿ ಬಿದ್ದವು. ಓಡುವ ಭರದಲ್ಲಿ ಕೋಲು ಉರುಳಿ ಅರ್ಧ ಶಾವಿಗೆ ಮಣ್ಣುಪಾಲಾಗಿತ್ತು. ಎಲ್ಲ ಮುಗಿದು ನೋಡಿದರೆ ಒಲೆ ಕೂಡ ಹೊತ್ತಿಸಿರಲಿಲ್ಲ.

"ಏನ್ರಿ ಇದು, ಬೆಂಕಿ ಎಲ್ಲಿ ಅದ?" ಬೀರದೇವ ಏದುಸಿರು ಬಿಡುತ್ತ ಕೇಳಿದ. "ಅಕ್ಕಾರ ನಮ್ಮ ಮುಂದ ಕುಂತಾರ, ಒಳಗ ಗಂಟಿ ಹೊಡಕೊಳ್ಳಾಕ ಹತ್ತದ. ಇವತ್ತ ಖರೇನ ಬಿದ್ದದ ಅಂತ ತಿಳದ್ವಿ."

ಅಂದರೆ ಓಣಿಗೆಲ್ಲ ಗೊತ್ತಿತ್ತು. ಕುರಿಗಳಿಗೆ ಗೊತ್ತಿರಲಿಲ್ಲವೇನೋ. ಸೋಮನಿಂಗಪ್ಪನವರು ಗಡ್ಡದಿಂದ ನೀರು ತೊಟ್ಟಿಕ್ಕಿಸುತ್ತ ಹೆಂಡತಿಯ ಕಡೆ ತಿರುಗಿದರು. ಸಿದ್ದಲಿಂಗವ್ವ ಕಣಕದ ಕೈಗಳನ್ನು ಎತ್ತಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಸರಿದ ಭರಣಿ ಆಕೆಯ ಕಣ್ಣಿಗೆ ಬಿತ್ತು.

"ಯಾರೂ ಬರೂದಿಲ್ಲ, ಯಾರೂ ಬರೂದಿಲ್ಲ ಅಂತಿದ್ರಿ," ಎಂದಳು. "ಬಂದಾರ ನೋಡ್ರಿ."

"ಈ ಗುಂಡಿ?"

"ನೀವು ಒಲಿ ಮುಂದ ನಿಂತು ಮುಚ್ಚಳ ತಗದ ತಗದ ನೋಡಿದ್ರ ಬ್ಯಾಳಿ ಬೇಯೂದಿಲ್ರಿ. ಹೊರಗ ಹೋಗ್ರಿ ಅಂತ ಗಂಡಗ ಹ್ಯಾಂಗ ಹೇಳೂದು? ಗಂಟಿ ಕಡಿಂದ ಹೇಳಿಸಿದ್ನಿ."

ಉಳಿದ ಮಾತು ಮರುದಿನ ಅಮೋಗಸಿದ್ದನಿಂದ ಹೊರಬಿತ್ತು. ಅಡುಗೆಮನೆಯ ಡಬ್ಬಿಯೊಂದನ್ನೇ ಅವನು ಬೇರ್ಪಡಿಸಿದ್ದನಂತೆ. ಉಳಿದೆರಡು ಸೊಲ್ಲಾಪುರದಿಂದ ಬರುವಾಗಲೇ ಪ್ರಾಣಬಿಟ್ಟು ಬಂದಿದ್ದವಂತೆ. ಸಾವಕಾರರಿಗೆ ಬೇಜಾರಾದೀತೆಂದು ಹೇಳಿರಲಿಲ್ಲವಂತೆ.

ಮುಂದಿನ ಮೂರು ದಿನ ಸೋಮನಿಂಗಪ್ಪನವರು ಗಂಟೆಯ ಅಪ್ಪಣೆಯಿಲ್ಲದೆಯೇ ಮಾಳಿಗೆಯ ಮೇಲಿದ್ದರು. ತೊಯ್ದ ಕಡ್ಡಿಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು, ಮಾಳಿಗೆ ತುಂಬ ಹರವಿ, ಕಾಗೆ ಬಾರದಂತೆ ಕೋಲು ಹಿಡಿದು ಕುಳಿತರು. ಬೆಂಕಿಗೆ ಅಷ್ಟು ಅಂಜುವ ಮನುಷ್ಯ, ಸುತ್ತಲೂ ಲಕ್ಷಗಟ್ಟಲೆ ಕಡ್ಡಿ, ತಲೆಯ ಮೇಲೆ ವೈಶಾಖದ ಸೂರ್ಯ. ಇನ್ನೊಂದು ಮೂಲೆಯಲ್ಲಿ ಓಣಿಯ ಹೆಂಗಸರು ಹೊಸದಾಗಿ ಹೊಸೆದ ಶಾವಿಗೆಯೂ ಒಣಗುತ್ತಿತ್ತು. ಅದನ್ನು ಕಾಯುವ ಕೆಲಸವನ್ನು ದಂಡವಾಗಿ ಅವರಿಗೇ ಒಪ್ಪಿಸಲಾಗಿತ್ತು.

ನಾಲ್ಕನೆಯ ದಿನ ಪೆಟ್ಟಿಗೆಗೊಂದರಂತೆ ಗೀರಿ ನೋಡಿದರು. ಹೆಚ್ಚುಕಡಿಮೆ ಎಲ್ಲವೂ ಹೊತ್ತಿದವು. ಮಳೆಗಾಲ ಉಳಿಯಿತು. ಅಂದೇ ಅಮೋಗಸಿದ್ದ ಅಂಗಡಿಗೆ ಒಂದು, ನಡುಮನೆಗೆ ಒಂದು ಹೊಸ ಡಬ್ಬಿ ಬಡಿದ. (ಎರಡಕ್ಕೂ ಸೋಮನಿಂಗಪ್ಪನವರು ಬೀಡಿ ಹೊಗೆ ಊದಿಸಿ ನೋಡಿದರು.) ಮೂರನೆಯದನ್ನು ಹಿಡಿದು ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತ. ಸಿದ್ದಲಿಂಗವ್ವ ತಲೆ ಎತ್ತದೆ ರೊಟ್ಟಿ ಬಡಿಯುತ್ತಿದ್ದಳು. ಬಡಿತ ಮಾತ್ರ ತುಸು ನಿಧಾನವಾಯಿತು. ಸೋಮನಿಂಗಪ್ಪನವರು ಗೋಡೆಯ ಕಡೆ ನೋಡುತ್ತ ಹೇಳಿದರು.

"ಅಲ್ಲಿ ಹಳೇದ ಇರ್ಲಿ. ಅದಕ್ಕ ಮನಿ ರೂಢಿ ಆಗೇದ."

ಮರುದಿನ ಮುಂಜಾನೆ ಅವರು ತನಿಖೆಗೆ ಒಳಗೆ ಬಂದರು. ಬೇಳೆಯ ಮುಚ್ಚಳ ತೆಗೆದರು, ಮುಚ್ಚಿದರು. ಹಿಟ್ಟಿನಲ್ಲಿ ಬೆರಳಾಡಿಸಿದರು. ಬದನೆಕಾಯಿಯ ಮುಚ್ಚಳಕ್ಕೆ ಕೈ ಹಾಕುತ್ತಲೇ ಗಂಟೆ ಹೊಡೆಯಿತು. ಅವರು ಹೆಂಡತಿಯನ್ನು ನೋಡಿದರು. ಹೆಂಡತಿ ಉಪ್ಪಿನಕಾಯಿಯ ಭರಣಿಯನ್ನು ಒರೆಸುತ್ತಿದ್ದಳು. ಆಮೇಲೆ ಸೋಮನಿಂಗಪ್ಪನವರು ಗೂಟದ ಮೇಲಿನ ರುಮಾಲು ತೆಗೆದು ತಲೆಗೆ ಸುತ್ತಿಕೊಂಡು, ಹೊರಗೆ ಹೋಗಿ ಏಣಿ ಹತ್ತಿದರು.

"ಮಾಡ ಅದಾವೇನ್ರಿ ಸಾವಕಾರ್ರ?" ತಕಲಿ ತಿರುಗಿಸುತ್ತ ಬೀರದೇವ ಕೇಳಿದ.

"ಪಡುವಣಕ್ಕ ಒಂದ ತುಣುಕು ಅದ," ಎಂದರು ಸೋಮನಿಂಗಪ್ಪನವರು ಗಂಭೀರವಾಗಿ, ಮತ್ತು ಬೆಳಕಿಂಡಿಯ ಪಕ್ಕದಲ್ಲಿ ಕುಳಿತು ಬದನೆಕಾಯಿಯ ಪರಿಮಳ ಮೂಸತೊಡಗಿದರು. ಊಟಕ್ಕೆ ಕರೆ ಬರಲು ಇನ್ನೂ ಅರ್ಧ ತಾಸಿತ್ತು. ಕುಳಿತಲ್ಲಿಯೇ ಅವರಿಗೊಂದು ಅನುಮಾನ ಬಂತು: ಇವತ್ತು ಆಕೆ ಗುಂಡಿಯನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಒತ್ತಿರಬೇಕು.