ಬ್ಯಾರೆ ಕಪ್ಪಿನ ಲುಕ್ಸಾನ

ರಾಮದುರ್ಗದಾಗ ವಕೀಲರ ಕಾರಕೂನಕಿ ಮಾಡೂ ಮುಂದ, ನಗಬೇಕೋ ಮೈ ಪರಚಿಕೋಬೇಕೋ ತಿಳೀದಂಥಾ ಪ್ರಸಂಗಕ್ಕೇನೂ ಕಡಿಮಿ ಇರಲಿಲ್ಲ. ಆದ್ರ ಎಪ್ಪತ್ತರ ದಶಕದ ಇದೊಂದು ನೆನಸಿದ್ರ ಇನ್ನೂ ಮೈ ಉರೀತೈತಿ.

೧

ದಲಿತರಿದ್ದು ಬೌದ್ಧರಾದ ಮನಿತನದ ಪೋಸ್ಟ್‌ಮನ್ ಒಬ್ಬರು ನಮ್ಮ ವಕೀಲರ ಹಂತ್ಯಾಕ ಬಂದ್ರು. ಚಾದಂಗಡಿ ಒಳಗ ಬಾಕಿನ ಮ್ಯಾಲ ಕುಂತಿದ್ದ ಇವರನ್ನ ಮಾಲಕ ಹತ್ತು ಮಂದಿ ಎದುರಿಗೆ ಎಬ್ಬಿಸಿ, ಹೊರಗ ಕಟ್ಟಿ ಮ್ಯಾಲಿದ್ದ ಕಿವಿ ಮುರದ ಕಪ್ಪು ತೋರಿಸಿ, ‘ನಿಮ್ಮ ಮಂದಿಗೆ ಅದು. ಕುಡದು ತೊಳದಿಡು’ ಅಂದಿದ್ದನಂತ.

ನಾನು ನೋಟೀಸು ಬರ್ಯಾಕ ಕುಂತೆ. ‘ಲುಕ್ಸಾನ ಏನಂತ ಬರೀಲ್ರಿ?’

‘ಚಾ ಕುಡೀಲಿಲ್ಲ, ರೊಕ್ಕಾ ಕೊಡಲಿಲ್ಲ. ಹೋದದ್ದು ಮರ್ಯಾದಿ. ಅದಕ್ಕ ನಿಮ್ಮಲ್ಲಿ ಲೆಕ್ಕ ಐತೇನ್ರಿ?’

ಎಮ್ಮಿ ಕಾಲು ಮುರದ್ರ ಇಷ್ಟು, ಬಣವಿ ಸುಟ್ರ ಇಷ್ಟು ಅಂತ ಫಟಾಫಟ್ ಬರಿಯಾಂವ ನಾನು. ಮನಷ್ಯಾಂದು ಗೊತ್ತಿರಲಿಲ್ಲ!

೨

ನೋಟೀಸು ರಜಿಸ್ಟರ್ ಮಾಡಿದ್ವಿ. ಆ ಓಣಿಗೆ ಟಪಾಲು ಕೊಡಾವ್ರು ಯಾರು? ಇವರೇ! ಮಾಲಕ ಸಹಿ ಮಾಡಿ, ‘ಕಣ್ಣಿನ ಚಾಳೀಸ ಮನ್ಯಾಗ ಐತಿ, ನೀನೇ ಓದು’ ಅಂದ. ತಮಗಾದ ಅಪಮಾನ ತಾವೇ ಬಜಾರದಾಗ ನಿಂತು, ಒಂದಕ್ಷರ ಬಿಡದ ಓದಿದ್ರು.

ಮಾಲಕ ಪೂರ್ತಿ ಕೇಳಿ, ‘ಯಾಂವಲೇ ಇದನ್ನ ಬರಸಿದಾಂವ?’ ಅಂದ.

‘ನಾನರಿ.’

ಎಂಟು ವರ್ಷ ಅವರ ಕೈಯಿಂದ ಮನಿಆರ್ಡರ್ ಇಸಗೊಂಡಾಂವಗ ಅವರ ಜಾತಿ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಥೂ ಅವನ!

೩

ನೋಟೀಸಿನ್ಯಾಗ ಕೇಳಿದ್ದ ಐನೂರು ರೂಪಾಯಿ ಮಾಲಕ ಕೊಡಲಿಲ್ಲ, ದಾವೆ ಹಾಕಿದ್ವಿ. ಕೋರ್ಟಿನ್ಯಾಗ ಮಾಲಕನ ವಕೀಲರು ಎದ್ದು ನಿಂತ್ರು. ‘ಸಾಹೇಬ್ರ, ಸಮಾನತಾ ಗಿಮಾನತಾ ಎಲ್ಲಾ ಸರ್ಕಾರಕ್ಕ. ಇದು ಖಾಸಗಿ ಅಂಗಡಿ. ಅದೇ ಚಾ, ಅದೇ ಅಳತಿ. ಲುಕ್ಸಾನ ಎಲ್ಲೈತ್ರಿ?’

ನನ್ನ ಪಿತ್ತ ನೆತ್ತಿಗೇರಿತು. ‘ಅಲ್ರೀ, ಸಂವಿಧಾನ ಚಾದಂಗಡಿ ಹೊರಗ ಚಪ್ಪಲಿ ಕಾಯ್ಕೋತ ನಿಂದರಬೇಕೇನು?’ ಅಂತ ಒದರಿಬಿಟ್ಟೆ. ನಮ್ಮ ವಕೀಲರು ಅಂಗಿ ಜಗ್ಗಿ ಕುಂದ್ರಿಸಿದ್ರು.

೪

ಮಾಲಕ ಸಾಕ್ಷಿ ಹೇಳಾಕ ಕಟಕಟಿ ಹತ್ತಿದ. ನಮ್ಮ ವಕೀಲರು ಮೆತ್ತಗ ಕೇಳಿದ್ರು:

‘ಕಟ್ಟಿ ಮ್ಯಾಲಿನ ಕಪ್ಪಿನ್ಯಾಗ ಕುಡದ್ರ ಏನೂ ಲುಕ್ಸಾನ ಇಲ್ಲೇನ್ರಿ?’

‘ಏನೇನೂ ಇಲ್ರಿ.’

‘ಹಂಗಾರ ಇವತ್ತ ಮಧ್ಯಾಹ್ನ ನೀವು ಅಲ್ಲೇ ಕುಂತು, ಮಂದಿ ಎದುರಿಗೆ ಅದರಾಗ ಕುಡದು, ತೊಳದಿಡ್ರಿ. ಚಾ ನಾ ಕುಡಸತೇನಿ.’

ಮಾಲಕ ಕಟಕಟಿ ಗುದ್ದಿದ. ‘ನನ್ನ ಏನಂತ ತಿಳದೀರಿ? ಹತ್ತು ಸಾವಿರ ಕೊಟ್ರೂ ಕುಡ್ಯಾಂಗಿಲ್ಲ!’

ಅವನ ವಕೀಲರು ತಲಿ ಮ್ಯಾಲ ಕೈ ಇಟಗೊಂಡ್ರು. ಮುನ್ಸಿಫ್ ಸಾಹೇಬ್ರು ಮಾತ್ರ ಅದನ್ನ ಸಾವಕಾಶ ಬರಕೊಂಡು, ತಲಿ ಎತ್ತಿ ಅಂದ್ರು:

‘ಪೋಸ್ಟ್‌ಮನ್ ಕೇಳಿದ್ದು ಬರೇ ಐನೂರು. ಭಾಳ ಸಸ್ತಾದಾಗ ಬಿಟ್ಟಾರ ನಿಮ್ಮನ್ನ!’