ನಾನು ನೈರೋಬಿಗೆ, ಕೊಪ್ಪರಿಗೆ ಸಂಘಕ್ಕೆ

ಸಾಲಗಾರನಾದವನು ಊರಲ್ಲಿ ಏನು ಬೇಕಾದರೂ ಕೊಳ್ಳಬಹುದು, ಸೂಟ್‌ಕೇಸು ಮಾತ್ರ ಕೊಳ್ಳಬಾರದು. ಇದು ನಾನು ಅನುಭವದಿಂದ ಕಲಿತದ್ದು. ಕೈಚೀಲ ಹಿಡಿದು ಮಾನ್ವಿಯ ಬಸ್ ನಿಲ್ದಾಣದಲ್ಲಿ ನಿಂತರೆ ಜನ "ರಾಯಚೂರಿಗೇನ್ರಿ ಆಚಾರ್ರ?" ಎಂದು ಕೇಳಿ ಸುಮ್ಮನಾಗುತ್ತಾರೆ. ಕೈಚೀಲದವನು ಸಂಜೆಗೆ ಮರಳಿ ಬರುತ್ತಾನೆಂದು ಎಲ್ಲರಿಗೂ ಗೊತ್ತು. ಸೂಟ್‌ಕೇಸಿನವನ ಬಗ್ಗೆ ಆ ಭರವಸೆ ಇಲ್ಲ. ಅದಕ್ಕೇ ನಾನು ಬುದ್ಧಿವಂತಿಕೆ ಮಾಡಿ, ಮಾನ್ವಿಯ ಅಂಗಡಿಗಳನ್ನೆಲ್ಲ ಬಿಟ್ಟು ರಾಯಚೂರಿಗೆ ಹೋಗಿ ಗಾಲಿ ಇರುವುದೊಂದನ್ನು ಕೊಂಡೆ. ಅದನ್ನು ಗೋಣಿತಟ್ಟಿನಲ್ಲಿ ಸುತ್ತಿ, ಬಸ್ಸಿನ ಕೊನೆಯ ಸೀಟಿನ ಹತ್ತಿರ ಇಟ್ಟುಕೊಂಡು, ಯಾರಾದರೂ ನೋಡಿದರೆ ಬೇಳೆ ಎನ್ನುವಂಥ ಮುಖ ಮಾಡಿಕೊಂಡು ಬಂದೆ. ಮರುದಿನ ಬೆಳಿಗ್ಗೆ ಎಂಟು ಗಂಟೆಗೆಲ್ಲ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ ಶರಣಬಸಪ್ಪನವರ ಫೋನು. "ಆಚಾರ್ರ, ಆರಾಮ ಅದೀರೇನ್ರಿ? ಏನಿಲ್ಲ, ಸುಮ್ನ ಮಾಡಿದೆ. ದೊಡ್ಡದು ತಗೊಂಡ್ರೋ, ಸಣ್ಣದು ತಗೊಂಡ್ರೋ?" ಏನನ್ನು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. "ನಡಬರಕಿಂದು ರೀ" ಎಂದೆ.

ನಾನು ಅಡುಗೆಯವನು. ಮೂರು ತಲೆಮಾರಿನಿಂದ ಮಾನ್ವಿಯಲ್ಲಿ ಗುಡಿಯ ನೈವೇದ್ಯ ಮಾಡಿಕೊಂಡು ಬಂದ ಮನೆ ನಮ್ಮದು. ಅಜ್ಜ, ಅಪ್ಪ ಅಷ್ಟಕ್ಕೇ ತೃಪ್ತರಾಗಿದ್ದರು. ನನಗೆ ಮಾತ್ರ ಮದುವೆ ಅಡುಗೆಯ ಕಂತ್ರಾಟು ಹಿಡಿಯಬೇಕು, ಅದೂ ಸ್ವಂತ ಪಾತ್ರೆಗಳ ಸಮೇತ ಹೋಗಿ ಇಳಿಯಬೇಕು ಎಂಬ ಹುಚ್ಚು ಹತ್ತಿತು. ಸಂಘದಲ್ಲಿ ಸಾಲ ಎತ್ತಿ ಕೊಪ್ಪರಿಗೆ, ತಪ್ಪೇಲಿ, ಪರಾತ, ಬಕೇಟುಗಳಿಂದ ಹಿಡಿದು ಸೌಟಿನವರೆಗೆ ಐನೂರು ಜನರ ಊಟಕ್ಕಾಗುವಷ್ಟು ಕೊಂಡೆ. ಸಾಲಕ್ಕೆ ಪಾತ್ರೆಗಳೇ ಅಡವು. ಸಂಘದವರು ಒಬ್ಬ ಪೇಂಟರನ್ನು ಕಳಿಸಿ ಪ್ರತಿಯೊಂದರ ಮೇಲೂ ಕೆಂಪು ಬಣ್ಣದಲ್ಲಿ "ಈ ಪಾತ್ರೆ ಸಂಘಕ್ಕೆ ಅಡವಿದೆ" ಎಂದು ಬರೆಸಿದರು. ಬಡಿಸುವಾಗ ಆ ಕಡೆಯನ್ನು ಗೋಡೆಗೆ ತಿರುಗಿಸಿ ಇಡುವುದೇ ನನಗೊಂದು ಕೆಲಸವಾಯಿತು. ಒಮ್ಮೆ ದೇವದುರ್ಗದ ಮದುವೆಯೊಂದರಲ್ಲಿ ಮರೆತೆ. ವರನ ತಂದೆ ಎರಡನೆಯ ಸಲ ಸಾರಿಗೆ ಕಾಯುತ್ತ ಕೂತವರು ಕನ್ನಡಕ ಏರಿಸಿ ಬಕೇಟಿನ ಮೇಲಿನದನ್ನು ಪಂಕ್ತಿಗೆಲ್ಲ ಕೇಳುವಂತೆ ಓದಿ, "ಬಕೇಟು ಅಷ್ಟೇ ಅಡವೋ, ಸಾರೂ ಅಡವೋ?" ಎಂದರು. ಪಂಕ್ತಿಯಲ್ಲಿ ನಗದೇ ಇದ್ದವನು ನಾನೊಬ್ಬನೇ.

ದಂಧೆ ಏಕೆ ಬಿತ್ತು ಎಂದು ಕೇಳಿದವರಿಗೆಲ್ಲ ನನ್ನ ಹತ್ತಿರ ಕಾರಣಗಳು ತಯಾರಿದ್ದವು. ಎಣ್ಣೆಯ ರೇಟು ಏರಿತು, ಲಗ್ನಗಳು ಕಡಿಮೆಯಾದವು, ಜನರಲ್ಲಿ ಮೊದಲಿನ ಉಣ್ಣುವ ಶಕ್ತಿ ಉಳಿದಿಲ್ಲ. ನಮ್ಮ ಅಕ್ಕ ವನಜಕ್ಕ ಮಾತ್ರ ಇದ್ಯಾವುದನ್ನೂ ಒಪ್ಪಲಿಲ್ಲ. "ನಿನಗ ರೊಕ್ಕ ಕೇಳ್ಲಿಕ್ಕೆ ಬಾಯಿಲ್ಲ, ಅಷ್ಟೇ" ಎಂದಳು. ಕಾರಣ ಯಾವುದಾದರೇನು, ಸಾಲ ಕಟ್ಟುವುದು ನಿಂತುಹೋಯಿತು, ನೋಟೀಸು ಬಂತು, ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಬಡ್ಡಿಯಲ್ಲಿ ಒಂದಷ್ಟು ಬಿಟ್ಟು ಉಳಿದದ್ದನ್ನು ತಿಂಗಳ ಕಂತುಗಳಲ್ಲಿ ಕಟ್ಟಬೇಕು. ಪ್ರತಿ ತಿಂಗಳ ಐದನೆಯ ತಾರೀಖು ಗಡುವು. ಒಂದರ ಹಿಂದೊಂದು ಎರಡು ಕಂತು ತಪ್ಪಿದರೆ ರಾಜಿ ರದ್ದು, ಬಿಟ್ಟ ಬಡ್ಡಿ ವಾಪಸು, ಮತ್ತು ವಸೂಲಿ ಜಾಮೀನುದಾರರ ಪಗಾರದಿಂದ. ಆ ಜಾಮೀನುದಾರಳು ವನಜಕ್ಕ. ದೇವದುರ್ಗದ ಸರಕಾರಿ ಶಾಲೆಯಲ್ಲಿ ಗಣಿತ ಕಲಿಸುವವಳು. ಭಾವ ಲಕ್ವ ಹೊಡೆದು ಹಾಸಿಗೆ ಹಿಡಿದಾಗಿನಿಂದ ಅವಳ ಪಗಾರದ ಮೇಲೇ ಆ ಮನೆ ನಡೆಯುತ್ತಿದೆ. ತರಕಾರಿ ಚೀಟಿಯನ್ನೂ ಎರಡು ಸಲ ಕೂಡಿಸಿ ನೋಡುವ ಅಕ್ಕ, ನನ್ನ ಜಾಮೀನು ಕಾಗದವನ್ನು ಓದದೆಯೇ ಸಹಿ ಹಾಕಿದ್ದಳು. ಅದನ್ನು ನೆನೆದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಕಂತುಗಳು ಕುಂಟುತ್ತ ನಡೆದಿದ್ದಾಗ ಗಿಲ್ಲೆಸುಗೂರಿನ ಗೆಳೆಯನೊಬ್ಬನಿಂದ ಕರೆ ಬಂತು. ಅವನು ನೈರೋಬಿಯಲ್ಲಿ ನಮ್ಮ ಕಡೆಯವರು ಕಟ್ಟಿಕೊಂಡ ಒಂದು ಗುಡಿಯಲ್ಲಿ ಅರ್ಚಕ. ಅಲ್ಲಿಗೆ ಅಡುಗೆಯವರು ಬೇಕು, ಎರಡು ವರ್ಷದ ಕರಾರು, ಪಗಾರ ಚೆನ್ನಾಗಿದೆ ಎಂದ. "ಸಂಘದವರಿಗೆ ಮಾತ್ರ ಹೇಳಬ್ಯಾಡ. ವಿಮಾನ ಇಳಿದ ಮ್ಯಾಲೆ ಫೋನ್ ಹಚ್ಚಿ ಹೇಳು" ಎಂದೂ ಸೇರಿಸಿದ. ನಿಜ ಹೇಳುತ್ತೇನೆ, ಆ ಸಲಹೆ ನನಗೆ ಬಹಳ ಹಿಡಿಸಿತು. ಅದೇ ಉತ್ಸಾಹದಲ್ಲಿ ದೇವದುರ್ಗಕ್ಕೆ ಹೋದೆ. ಅಕ್ಕ ಹುಡುಗರ ಲೆಕ್ಕದ ನೋಟುಬುಕ್ಕುಗಳನ್ನು ತಿದ್ದುತ್ತ ಕೂತಿದ್ದಳು.

"ಹೇಳಲಾರ್ದ ಹೋಗ್ತೀಯೇನು?" ಎಂದಳು, ತಲೆ ಎತ್ತದೆ.

"ಹೇಳಿದ್ರ ಬಿಡಂಗಿಲ್ಲಕ್ಕಾ ಅವರು."

"ಬಿಡಲಿಲ್ಲಂದ್ರ ಇಲ್ಲೇ ಇರು. ಹೇಳಲಾರ್ದ ಹೋದ್ರ ಅದಕ್ಕ ಹೋಗೋದು ಅನ್ನಂಗಿಲ್ಲ, ಓಡಿಹೋಗೋದು ಅಂತಾರ. ನೀ ಓಡಿಹೋದ್ರ ಅವರು ನೈರೋಬಿಗೆ ಬರ್ತಾರೇನು? ನನ್ನ ಸಾಲಿಗೆ ಬರ್ತಾರ. ಹುಡುಗರ ಮುಂದ ನಾ ಯಾವ ಮುಖ ಇಟ್ಕೊಂಡು ಪಾಠ ಹೇಳಲಿ?"

ಇಷ್ಟು ಹೇಳಿ ಯಾರದೋ ಲೆಕ್ಕಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಹೊಡೆದಳು. ಅದು ಆ ಹುಡುಗನಿಗೆ ಬಿದ್ದದ್ದೋ ನನಗೆ ಬಿದ್ದದ್ದೋ ತಿಳಿಯಲಿಲ್ಲ. ನಮ್ಮ ಅಜ್ಜ ಬದುಕಿದ್ದರೆ ಸಮುದ್ರ ದಾಟುವುದಕ್ಕೆ ಪ್ರಾಯಶ್ಚಿತ್ತ ಕೇಳುತ್ತಿದ್ದರು. ಅಕ್ಕನಿಗೆ ಸಮುದ್ರದ ಚಿಂತೆಯೇ ಇರಲಿಲ್ಲ. ಹೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟು ಬಂದವನು ನಾಳೆ, ನಾಡಿದ್ದು ಎಂದು ಒಂದು ವಾರ ದೂಡಿದೆ. ಆ ವಾರದಲ್ಲೇ ಸೂಟ್‌ಕೇಸು ಕೊಂಡದ್ದು, ಶರಣಬಸಪ್ಪನವರ ಫೋನು ಬಂದದ್ದು.

ಸಂಘಕ್ಕೆ ಹೋದೆ. ಎಲ್ಲವನ್ನೂ ಹೇಳಿದೆ. ಶರಣಬಸಪ್ಪನವರು ಬೈಯಲಿಲ್ಲ. ಚಹಾ ತರಿಸಿ, ವಿಳಾಸ ಬದಲಾವಣೆಯ ಅರ್ಜಿ ತೆಗೆದರು. "ನೈರೋಬಿ ಯಾವ ತಾಲೂಕಿಗೆ ಬರ್ತದ್ರಿ?" ಎಂದು ಕೇಳಿದರು. ತಮಾಷೆ ಇರಬೇಕೆಂದು ನಕ್ಕೆ. ಅವರು ನಗಲಿಲ್ಲ. "ಹೋಬಳಿ, ತಾಲೂಕು ತುಂಬಲಿಲ್ಲಂದ್ರ ಕಂಪ್ಯೂಟರ್ ಮುಂದಕ್ಕ ಹೋಗಂಗಿಲ್ರಿ. ಏನರೆ ಒಂದು ಹೇಳ್ರಿ" ಎಂದರು. ನಾನು ಯೋಚಿಸುವುದರೊಳಗೆ ತಾವೇ ಕವಿತಾಳ ಎಂದು ಒತ್ತಿದರು. ಸಂಘದ ದಫ್ತರದಲ್ಲಿ ನೈರೋಬಿ ಇವತ್ತಿಗೂ ಕವಿತಾಳ ಹೋಬಳಿಯಲ್ಲಿದೆ.

ನನ್ನನ್ನು ಬಿಡುವುದಕ್ಕೆ ಅವರು ಹಾಕಿದ ಷರತ್ತು ಎರಡೇ. ಇಲ್ಲಿನ ವ್ಯವಹಾರ ನೋಡಿಕೊಳ್ಳಲು ಅಕ್ಕನ ಹೆಸರಿಗೆ ಮುಖತ್ಯಾರ ಪತ್ರ ಬರೆದುಕೊಡಬೇಕು, ಪಾತ್ರೆಗಳನ್ನು ತಂದು ಸಂಘದ ಹಿಂದಿನ ಕೋಣೆಯಲ್ಲಿ ಇಡಬೇಕು. "ನೀವು ಕಣ್ಣಿಗೆ ಕಾಣಂಗಿಲ್ಲಲ್ರಿ. ನಿಮ್ಮ ಕೊಪ್ಪರಿಗ್ಯರೆ ಕಾಣ್ಲಿ" ಎಂದರು. ಹುಣಸೆಹಣ್ಣು ಹಚ್ಚಿ ಎಲ್ಲವನ್ನೂ ತಿಕ್ಕಿ ತೊಳೆದು, ಎರಡು ಟಂಟಂ ರಿಕ್ಷಾ ತುಂಬ ಹೇರಿ ಒಯ್ದು ಒಪ್ಪಿಸಿದೆ. ಹಿತ್ತಾಳೆ ಕೊಪ್ಪರಿಗೆ ಆ ಕತ್ತಲೆ ಕೋಣೆಗೆ ಹೋದಾಗ ನಿಜವಾಗಿ ಸಂಕಟವಾಯಿತು. ನಾಲ್ಕು ದಿನ ಬಿಟ್ಟು ನೈರೋಬಿಗೆ ಹೊರಟೆ.

ನೈರೋಬಿಯ ಹವೆ ಬಹಳ ತಂಪು. ರಾಯಚೂರಿನ ಬಿಸಿಲು ಕಂಡವನಿಗೆ ಅಲ್ಲಿ ಒಲೆಯ ಮುಂದೆ ನಿಲ್ಲುವುದೂ ಒಂದು ಸುಖ. ಆದರೆ ಕಾಗದಪತ್ರದ ವಿಷಯದಲ್ಲಿ ಮಾನ್ವಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಹಣ ಕಳಿಸಲು ಖಾತೆ ಬೇಕು, ಖಾತೆಗೆ ಒಂದು ಕಾಗದ ಬೇಕು, ಆ ಕಾಗದಕ್ಕೆ ಇನ್ನೊಂದು ಕಾಗದ ಬೇಕು. ಇದರಲ್ಲೇ ಮೊದಲ ಕಂತಿನ ಗಡುವು ದಾಟಿತು. ಎರಡನೆಯ ತಿಂಗಳು ಖಾತೆ ಆಯಿತು, ಆದರೆ ಪಗಾರದ ಚೆಕ್ಕಿಗೆ ಸಹಿ ಹಾಕಬೇಕಾದ ಗುಡಿಯ ಖಜಾಂಚಿ ಮಗಳ ಬಾಣಂತನಕ್ಕೆಂದು ಹೆಂಡತಿಯನ್ನು ಕರೆದುಕೊಂಡು ಪರದೇಶಕ್ಕೆ ಹೋಗಿದ್ದರು. ನಾಲ್ಕನೆಯ ತಾರೀಖು ಬಂತು. ಅಕ್ಕನಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಸಂಘದವರು ಅವಳ ಕ್ಲಾಸಿನ ಬಾಗಿಲಲ್ಲಿ ನಿಂತಂತೆ, ಹುಡುಗರೆಲ್ಲ ತಿರುಗಿ ನೋಡಿದಂತೆ ಕಣ್ಣಿಗೆ ಕಟ್ಟಿತು. ಹುಳಿ ತಳ ಹಿಡಿಯಿತು. ಮೂವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಹುಳಿ ತಳ ಹಿಡಿದದ್ದು ಅದೇ ಮೊದಲು. ಧೈರ್ಯ ಮಾಡಿ ಶರಣಬಸಪ್ಪನವರಿಗೇ ಫೋನು ಮಾಡಿ, ಎರಡು ದಿನ ತಡೆದುಕೊಳ್ಳಿ ಎಂದು ಅಂಗಲಾಚಿದೆ.

"ಯಾಕ್ರಿ? ನಿಮ್ಮವು ಎರಡೂ ಕಂತು ಜಮಾ ಆಗ್ಯಾವಲ್ರಿ" ಎಂದರು.

"ಅಕ್ಕ ಕಟ್ಟಿದಳೇನ್ರಿ?" ಎಂದು ಕೇಳಿದೆ.

"ಇಲ್ರಿ. ಕೊಪ್ಪರಿಗಿ ಕಟ್ಟೇದ."

ನಡೆದದ್ದು ಇಷ್ಟು. ಕವಿತಾಳದವರೊಬ್ಬರು ಸಂಘಕ್ಕೆ ಬಂದಾಗ ಪಾತ್ರೆಗಳನ್ನು ನೋಡಿ, ಮಗಳ ಲಗ್ನಕ್ಕೆ ಬಾಡಿಗೆಗೆ ಕೊಡುತ್ತೀರಾ ಎಂದರಂತೆ. ಮುಖತ್ಯಾರಳಾದ ಅಕ್ಕನಿಗೆ ಸುದ್ದಿ ಹೋಯಿತು. ಅವಳು ಭಾನುವಾರ ಬಸ್ಸು ಹತ್ತಿ ಬಂದು, ಬೋರ್ಡಿನ ಮೇಲೆ ಬರೆಯುವ ದುಂಡಗಿನ ಅಕ್ಷರದಲ್ಲಿ ದರಪಟ್ಟಿ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದಳು. ಬಾಡಿಗೆ ಮುಂಗಡ, ಸೌಟು ಕಳೆದರೆ ದಂಡ, ಒಂದು ದಿನ ತಡವಾದರೆ ಎರಡು ದಿನದ ಬಾಡಿಗೆ. ಅಲ್ಲಿಂದ ಮುಂದೆ ಮುಹೂರ್ತ ಇದ್ದ ದಿನ ಪಾತ್ರೆಗಳು ಕೋಣೆಯಲ್ಲಿ ಉಳಿದದ್ದೇ ಇಲ್ಲ. ನನ್ನ ಮಾನ ಕಳೆದಿದ್ದ ಆ ಕೆಂಪು ಅಕ್ಷರ ಓದಿದ ಮೇಲೆ ಸಂಘದ ಬಾಡಿಗೆ ಮುಳುಗಿಸುವ ಧೈರ್ಯ ಯಾರಿಗೂ ಬರಲಿಲ್ಲ. ನಮ್ಮ ಚಿಕ್ಕಪ್ಪನ ಮಗ ರಾಘಣ್ಣ ಮೂರು ವರ್ಷ "ಪಾತ್ರಿ ನಮ್ಮ ಮನೀವೇ ಅಲ್ಲೇನೋ" ಎಂದು ಬಿಡಿಗಾಸು ಕೊಡದೆ ಒಯ್ಯುತ್ತಿದ್ದವನು. ಅವನೂ ಸಾಲಿನಲ್ಲಿ ನಿಂತು ಮುಂಗಡ ಕಟ್ಟಿ ರಸೀದಿ ಇಸಕೊಂಡನಂತೆ. ಇದನ್ನು ಕೇಳಿ ನನಗೆ ಸಂತೋಷವಾಗಬೇಕಿತ್ತು. ಸ್ವಲ್ಪ ಹೊಟ್ಟೆ ಉರಿಯಿತು.

ಆಮೇಲೆ ನೈರೋಬಿಯಿಂದ ನಾನು ಹಣ ಕಳಿಸಿದೆ, ಮಾನ್ವಿಯಲ್ಲಿ ಪಾತ್ರೆಗಳು ದುಡಿದವು. ಗಡುವಿಗಿಂತ ಒಂದು ವರ್ಷ ಮೊದಲೇ ಸಾಲ ತೀರಿತು. ಬಾಕಿ ಇಲ್ಲವೆಂಬ ಪತ್ರದ ಫೋಟೋ ಮೊಬೈಲಿಗೆ ಬಂದಾಗ ಅಡುಗೆಮನೆಯಲ್ಲಿ ನಿಂತೇ ಅತ್ತೆ. ಈರುಳ್ಳಿಯ ಮೇಲೆ ಹಾಕೋಣವೆಂದರೆ ಗುಡಿಯ ಅಡುಗೆಮನೆಗೆ ಈರುಳ್ಳಿ ಬರುವಂತಿಲ್ಲ. ಕೂಡಲೇ ಅಕ್ಕನಿಗೆ ಫೋನು ಹಚ್ಚಿದೆ. ನಿನ್ನ ಪಗಾರ ಉಳಿಯಿತು ಎಂದೆ, ನಿನ್ನ ಋಣ ಹೇಗೆ ತೀರಿಸಲಿ ಎಂದೆ. ಆ ಭರದಲ್ಲೇ, "ಈ ಕರಾರು ಮುಗಿದ ಮ್ಯಾಲೆ ಬಂದುಬಿಡ್ತೀನಿ ಅಕ್ಕಾ. ಪಾತ್ರಿ ಹೆಂಗೂ ಅವ, ದಂಧೆ ಮತ್ತ ಸುರು ಮಾಡ್ತೀನಿ" ಎಂದೆ.

ಆ ಕಡೆ ನೋಟುಬುಕ್ಕು ಮುಚ್ಚಿದ ಸದ್ದು ಕೇಳಿತು.

"ಬಾರಪ್ಪ, ನಿನ್ನ ನೋಡಬೇಕಾಗೇದ" ಎಂದಳು ಅಕ್ಕ. "ಬಂದು ಹದಿನೈದು ದಿನ ಇರು, ಉಣ್ಣು, ಮಲಕೋ. ಆದ್ರ ಪೂರಾ ಬಂದುಬಿಟ್ಟೆ ಅಂತ ಯಾರ ಮುಂದೂ ಅನಬ್ಯಾಡ. ನೀ ಬಂದೀ ಅಂತ ಗೊತ್ತಾದ್ರ ಮಂದಿ ಬಾಡಿಗಿ ಕೊಡೋದು ಬಿಡ್ತಾರ."

ಎಣ್ಣೆಯ ರೇಟು, ಕಡಿಮೆಯಾದ ಲಗ್ನಗಳು, ಉಣ್ಣಲಾರದ ಜನ, ಒಂದೂ ಬಾಯಿಗೆ ಬರಲಿಲ್ಲ. ಹೋದ ವಾರ ಖಜಾಂಚಿಯವರ ಎದುರು ಕೂತು ಇನ್ನೂ ಎರಡು ವರ್ಷಕ್ಕೆ ಸಹಿ ಹಾಕಿದ್ದೇನೆ.