ಯಾರಾದ್ರೂ ನಿಮ್ಮೆಸ್ರು ಹೇಳುದ್ರಾ, ಅಳಿಯಂದ್ರೇ?

ಆಕಾಶ ನೋಡುವುದನ್ನೇ ಕಸುಬು ಮಾಡಿಕೊಂಡವನು ನೆಲದ ಮೇಲೆ ಎಡವುತ್ತಲೇ ಇರುತ್ತಾನೆ. ನಾನಂತೂ ಎಡವುವುದು ಜನ ನೋಡುತ್ತಿರುವಾಗಲೇ.

ನಾನು ಖಗೋಳ ವಿಜ್ಞಾನಿ. ಪಾಂಡವಪುರದಾಚೆ ಕಬ್ಬಿನ ಗದ್ದೆಗಳ ನಡುವೆ ನಮ್ಮ ಸಂಸ್ಥೆಯದೊಂದು ದೂರದರ್ಶಕ, ಅದರ ಮೇಲೊಂದು ತಗಡಿನ ಗುಮ್ಮಟ ಇದೆ. ಅದನ್ನು ನೋಡಿಕೊಳ್ಳುವವನು ನಾನು. ನಮ್ಮ ಕಸುಬಿನಲ್ಲಿ ನೀವು ಏನು ಕಂಡಿರಿ ಎಂದು ಯಾರೂ ಕೇಳುವುದಿಲ್ಲ. ನೀವು ಬರೆದ ಲೇಖನವನ್ನು ಬೇರೆ ವಿಜ್ಞಾನಿಗಳು ತಮ್ಮ ಲೇಖನದಲ್ಲಿ ಹೆಸರಿಸಿದ್ದಾರೆಯೇ ಎಂದು ಕೇಳುತ್ತಾರೆ. ಅದಕ್ಕೆ ಸೈಟೇಶನ್ ಅನ್ನುತ್ತಾರೆ. ನನ್ನನ್ನು ಮೊದಲು ಹೆಸರಿಸಿದವನು ನಾನೇ. ಎರಡನೆಯವನೂ ನಾನೇ. ಆಮೇಲೆ ಬಹಳ ಕಾಲ ಯಾರೂ ಮುಂದೆ ಬರಲಿಲ್ಲ.

ಒಂದು ದಿನ ನಿರ್ದೇಶಕರು ಕರೆದು, "ಪ್ರೊಫೆಸರ್ ಹುದ್ದೆಯ ಸಂದರ್ಶನ ಹತ್ತಿರ ಬಂತು. ಅಷ್ಟರೊಳಗೆ ಹೊರಗಿನವರು ಒಬ್ಬರಾದರೂ ನಿಮ್ಮ ಹೆಸರು ಹೇಳಿರಬೇಕು. ಇಲ್ಲದಿದ್ದರೆ ಈಗಿನ ಕುರ್ಚಿಯಲ್ಲೇ ನಿವೃತ್ತಿ," ಅಂದರು. ಕುರ್ಚಿಯ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆಯುತ್ತಿದ್ದದ್ದು ಬೇರೆ: ಇಷ್ಟು ವರ್ಷ ಬರೆದದ್ದನ್ನು ಭೂಮಿಯ ಮೇಲೆ ಒಬ್ಬನಾದರೂ ಓದಿದ್ದಾನೆಯೇ?

ಸೋಮವಾರದ ಪ್ರಶ್ನೆ

ಈ ಪ್ರಶ್ನೆಯನ್ನು ನನಗಿಂತ ಗಂಭೀರವಾಗಿ ತೆಗೆದುಕೊಂಡವರು ನಮ್ಮ ಮಾವ. ಗುಮ್ಮಟದ ಪಕ್ಕದ ಗದ್ದೆಯಲ್ಲೇ ಅವರ ಆಲೆಮನೆ. ಆರು ದಿನ ಹಗಲೂ ರಾತ್ರಿ ಕಬ್ಬಿನ ಹಾಲು ಕುದಿಸಿ ಬೆಲ್ಲ ತೆಗೆಯುತ್ತಾರೆ. ಸೋಮವಾರ ಮಾತ್ರ ಒಲೆ ಹಚ್ಚುವುದಿಲ್ಲ. ಗಾಣಕ್ಕೆ ಎತ್ತು ಕಟ್ಟುತ್ತಿದ್ದ ಕಾಲದಲ್ಲಿ ಸೋಮವಾರ ಎತ್ತಿಗೆ ರಜೆ. ಈಗ ಎತ್ತು ಹೋಗಿ ಮೋಟಾರು ಬಂದಿದೆ. ಮೋಟಾರಿಗೂ ಸೋಮವಾರ ರಜೆ. ಕೇಳಿದರೆ, "ಬಸವಣ್ಣನ ವಾರ ಕಣ್ರಪ್ಪ," ಅನ್ನುತ್ತಾರೆ.

ಕೈ ಖಾಲಿಯಿರುವ ಆ ದಿನ ಸಂಜೆ ಮಗಳ ಮನೆಗೆ ಬೆಲ್ಲ ಹಿಡಿದುಕೊಂಡು ಬರುತ್ತಾರೆ. ಸೈಟೇಶನ್ ಅಂದರೇನೆಂದು ನನ್ನ ಹೆಂಡತಿ ಯಾವ ಗಳಿಗೆಯಲ್ಲಿ ಅವರಿಗೆ ಬಿಡಿಸಿ ಹೇಳಿದಳೋ! ಅಂದಿನಿಂದ ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬೀಳುತ್ತಿತ್ತು.

"ಯಾರಾದ್ರೂ ನಿಮ್ಮೆಸ್ರು ಹೇಳುದ್ರಾ, ಅಳಿಯಂದ್ರೇ?"

"ಇನ್ನೂ ಇಲ್ಲ ಮಾವ."

"ದೊಡ್ಡಳಿಯಂದ್ರು ಸೂಜಿ ಚುಚ್ಚುದ್ರೆ ಬಿದ್ದಿರೋ ಹಸ ಎದ್ದು ನಿಂತ್ಕತದೆ. ನೀವು ಬರ್ದಿದ್ದುಕ್ಕೆ ಯಾವ್ದಾದ್ರೂ ನಕ್ಷತ್ರ ಎದ್ದು ನಿಂತದಾ?"

ಒಳಗಿನಿಂದ ನನ್ನ ಹೆಂಡತಿ ನನ್ನ ಪರ ವಹಿಸಿದಳು. "ಸುಮ್ಕಿರಪ್ಪೋ. ಇವ್ರು ಮುಟ್ಟಿದ್ ನಕ್ಷತ್ರ ಬೀಳ್ದೆ ಇದ್ರೆ ಅಷ್ಟೇ ಸಾಕು."

ಉಳಿದ ದಿನ ಗುಮ್ಮಟಕ್ಕೆ ನಡೆದು ಹೋಗುತ್ತಿದ್ದ ನಾನು ಸೋಮವಾರ ಓಡುತ್ತಿದ್ದೆ.

ಗಿರಾಕಿ

ದೂರದರ್ಶಕದ ಕಬ್ಬಿಣದ ಸ್ಟ್ಯಾಂಡು ಒಮ್ಮೆ ಬಿರುಕು ಬಿಟ್ಟಿತು. ಶ್ರೀರಂಗಪಟ್ಟಣದಲ್ಲಿ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಯ ಸಾಬರು ಬಂದು ಬೆಸುಗೆ ಹಾಕಿಕೊಟ್ಟರು. ಮುಂದಿನ ಲೇಖನದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಅವರಿಗೊಂದು ಕೃತಜ್ಞತೆ ಬರೆದೆ. ಅಚ್ಚಾದ ಮೇಲೆ ಒಂದು ಪ್ರತಿಯನ್ನೂ ಕೊಟ್ಟೆ.

ಕೆಲವು ತಿಂಗಳ ನಂತರ ಹೋದರೆ ಅಂಗಡಿಯ ಗೋಡೆಯ ಮೇಲೆ ನನ್ನ ಲೇಖನ! ಮೊದಲ ಪುಟ, ಕೊನೆಯ ಪುಟ ಎರಡನ್ನೂ ಕಟ್ಟು ಹಾಕಿಸಿ ತೂಗುಹಾಕಿದ್ದರು. ಅವರ ಹೆಸರಿದ್ದ ಸಾಲಿಗೆ ಕೆಂಪು ಗೆರೆ. ನನ್ನ ಕಣ್ಣು ತುಂಬಿ ಬಂತು. ನನ್ನ ಬರಹ ಜನರ ನಡುವೆ ತೂಗಾಡಿದ್ದು ಅದೇ ಮೊದಲು.

ಗೇಟು ಮಾಡಿಸಲು ಬಂದಿದ್ದ ಒಬ್ಬರು ಅದನ್ನು ದಿಟ್ಟಿಸಿ, "ಏನ್ ಸಾಬ್ರೇ ಇದು?" ಅಂದರು.

"ಅರೆ, ನಮ್ದು ಕೆಲ್ಸ ಫಾರಿನ್ನಾಗೆಲ್ಲಾ ಓದ್ತಾರೆ ಸಾರ್! ನೋಡಿ, ಹೆಸ್ರು ಹಾಕವ್ರೆ."

"ಸರಿ, ಈ ಮೇಲ್ಗಡೆ ದಪ್ಪಕ್ಷರದಲ್ಲಿರೋ ಹೆಸ್ರು ಯಾರ್ದು?"

ಸಾಬರು ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು: "ಅದಾ? ನಮ್ ಗಿರಾಕಿ."

ವಿಷಯಕ್ಕೆ ಇಳಿಯದ ಭಾಷಣ

ಓದುವವರಿಲ್ಲದಿದ್ದರೆ ಕೇಳುವವರಾದರೂ ಇರಲಿ ಎಂದು ಕೆ.ಆರ್. ಪೇಟೆ ಕಡೆಯ ಒಂದು ಕಾಲೇಜಿನ ಕರೆಗೆ ಒಪ್ಪಿಕೊಂಡೆ. ವಿಷಯ, ವಿಶ್ವದ ಹುಟ್ಟು. ಬೆಳಿಗ್ಗೆ ಬೇಗ ಹೊರಟು, ಗೋವಿಂದನಹಳ್ಳಿಯ ಪಂಚಲಿಂಗೇಶ್ವರನಿಗೆ ಕೈಮುಗಿದು, ಭಾಷಣವನ್ನು ಮನಸ್ಸಿನಲ್ಲೇ ಒಪ್ಪಿಸಿಕೊಂಡು ಹೋದೆ.

ಪ್ರಾರ್ಥನೆ, ದೀಪ, ಸ್ವಾಗತ ಆಯಿತು. ನನಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಅಧ್ಯಕ್ಷರಿಗೆ ಪೇಟ, ಶಾಲು, ಬುಟ್ಟಿ. ಪೆಂಡಾಲಿನವರಿಗೂ ಶಾಲು. ಪರಿಚಯ ಮಾಡಿಕೊಟ್ಟ ಉಪನ್ಯಾಸಕರು ನನ್ನ ಲೇಖನಗಳ ಶೀರ್ಷಿಕೆಗಳನ್ನು ಒಂದೊಂದಾಗಿ, ರಾಗವಾಗಿ ಓದಿದರು. ಪ್ರತಿಯೊಂದಕ್ಕೂ ಚಪ್ಪಾಳೆ. ನಾನು ಮೈಕಿನ ಮುಂದೆ ನಿಂತಾಗ ಹಿಂದಿನಿಂದ ಪ್ರಾಂಶುಪಾಲರು ಬಗ್ಗಿ ಕಿವಿಯಲ್ಲಿ ಹೇಳಿದರು: "ಸಾರ್, ಒಂದೆರಡು ಮಾತಾಡ್ಬುಡಿ. ಮುದ್ದೆ ಆರೋಯ್ತದೆ."

ವಿಶ್ವ ಹುಟ್ಟಿತು, ಅದು ಬಹಳ ದೊಡ್ಡದು, ಎಲ್ಲರಿಗೂ ನಮಸ್ಕಾರ ಅಂದು ಕೂತುಬಿಟ್ಟೆ.

ಅಧ್ಯಕ್ಷರು ಭಾವುಕರಾದರು. "ವಿಜ್ಞಾನಿ ಅಂದ್ರೆ ಇಂಗಿರ್ಬೇಕು. ಹೋದ ಸಲ ಬಂದಿದ್ದೋರು ಸೀದಾ ವಿಷಯಕ್ಕೇ ಇಳ್ದ್‌ಬುಟ್ಟಿದ್ರು!"

ಮುಯ್ಯಾಳು

ಮಾವ ಹೇಳಿದ ದೊಡ್ಡಳಿಯ, ಅಂದರೆ ನನ್ನ ಷಡ್ಡಕ, ನಾಗಮಂಗಲದಲ್ಲಿ ದನದ ಡಾಕ್ಟರು. ಅವರ ಜೊತೆ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು, ನಾಲ್ಕು ಜನ ನಿಲ್ಲಿಸಿ ಕೈಮುಗಿಯುತ್ತಾರೆ. ಹಸುಗಳೂ ತಿರುಗಿ ನೋಡುತ್ತವೆ. ಹೊಟ್ಟೆಕಿಚ್ಚು ತಡೆಯಲಾರದೆ ಒಂದು ದಿನ ಅವರ ಮುಂದೆ ನನ್ನ ಗೋಳು ತೋಡಿಕೊಂಡೆ.

ಅವರು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲ ಕಣಯ್ಯ, ನೀನು ಬೇರೇರ ಹೆಸ್ರು ಹೇಳಿದ್ದೀಯಾ?"

"ಅಷ್ಟಾಗಿ ಇಲ್ಲ."

"ಮತ್ತೆ? ಮುಯ್ಯಾಳು ಅಂದ್ರೆ ಏನು? ನಾನು ನಿನ್ನ ಗದ್ದೆ ನಾಟಿಗೆ ಬಂದ್ರೆ, ನೀನು ನನ್ನ ಗದ್ದೆಗೆ ಬರ್ಬೇಕು. ನೀನು ಯಾರ ಗದ್ದೆಗೂ ಇಳೀದೆ, ಬದಿನ ಮೇಲೆ ನಿಂತ್ಕಂಡು, ನನ್ನ ಗದ್ದೆಗೆ ಆಳು ಬರ್ನಿಲ್ಲ ಅಂದ್ರೆ ಯಾರ್ ಬತ್ತಾರ್ಲಾ?"

ಜ್ಞಾನೋದಯವಾಯಿತು. ಮುಂದಿನ ಲೇಖನದಲ್ಲಿ ಕಂಡಕಂಡವರ ಗದ್ದೆಗೆಲ್ಲ ಇಳಿದೆ. ಬದುಕಿರುವವರನ್ನು ಹೆಸರಿಸಿದೆ, ಸತ್ತವರನ್ನೂ ಹೆಸರಿಸಿದೆ. ನನ್ನ ಬರಹಕ್ಕಿಂತ ಹೆಸರುಗಳೇ ಉದ್ದವಾದವು. ಪತ್ರಿಕೆಗೆ ಕಳುಹಿಸಿ ಮುಯ್ಯಿಗಾಗಿ ಕಾದು ಕೂತೆ.

ಪರಿಶೀಲಕರ ಅಭಿಪ್ರಾಯ ಬೇಗನೇ ಬಂತು: "ಉಲ್ಲೇಖಗಳು ಅತ್ಯುತ್ತಮವಾಗಿವೆ. ನಡುವೆ ಬರುವ ಲೇಖನವನ್ನು ಮಾತ್ರ ತೆಗೆದುಹಾಕಬಹುದು."

ಹೆಸರು ಹೇಳಿದ ಪುಣ್ಯಾತ್ಮ

ಸಂದರ್ಶನ ಇನ್ನೇನು ಬಂತು ಅನ್ನುವಾಗ ಪವಾಡ ನಡೆಯಿತು. ಅದರ ಹಿಂದಿನ ವರ್ಷ ನಾನೊಂದು ನಕ್ಷತ್ರದ ಬಗ್ಗೆ ಬರೆದಿದ್ದೆ. ಸಂಜೆಯ ಹೊತ್ತು ಪಡುವಣದಲ್ಲಿ ತೀರಾ ಕೆಳಗೆ ಕಾಣುವ ನಕ್ಷತ್ರ. ಆರು ದಿನ ಮಂಕಾಗಿರುತ್ತಿತ್ತು, ಏಳನೆಯ ದಿನ ಫಳ್ಳನೆ ಹೊಳೆಯುತ್ತಿತ್ತು, ಮತ್ತೆ ಆರು ದಿನ ಮಂಕು. ಇಷ್ಟು ಶಿಸ್ತಿನ ನಕ್ಷತ್ರವನ್ನು ಯಾರೂ ಕಂಡಿರಲಿಲ್ಲ. ಆ ಲೇಖನವನ್ನು ಈಗ ವಿದೇಶದ ಒಬ್ಬ ದೊಡ್ಡ ವಿದ್ವಾಂಸ ತನ್ನ ಬರಹದಲ್ಲಿ ಹೆಸರಿಸಿದ್ದ!

ನನ್ನ ಹೆಸರಿದ್ದ ಸಾಲನ್ನು ಓದಿದೆ, ಹೆಂಡತಿಗೆ ತೋರಿಸಿದೆ, ಮತ್ತೆ ಓದಿದೆ. ಅವಳು ತವರಿಗೆ ಫೋನು ಮಾಡಿದಳು. ಮರುದಿನ ಬೆಳಿಗ್ಗೆ ಹಾಲಿಗೆ ಹೋದರೆ ನಮ್ಮ ರಸ್ತೆಯ ತುದಿಯಲ್ಲಿ ಫ್ಲೆಕ್ಸು ಎದ್ದಿತ್ತು. 'ವಿದೇಶದಲ್ಲಿ ಹೆಸರು ಹೇಳಿಸಿಕೊಂಡ ನಮ್ಮ ಹೆಮ್ಮೆಯ ಅಳಿಯಂದಿರಿಗೆ ಅಭಿನಂದನೆಗಳು.' ನನ್ನ ಫೋಟೋ ಅಂಗೈಯಷ್ಟು. ಮಾವನ ಫೋಟೋ ಆಳೆತ್ತರ, ಕೈಮುಗಿದುಕೊಂಡು.

ಮನೆಗೆ ಬಂದು, ಆ ವಿದ್ವಾಂಸ ಇನ್ನೇನು ಹೊಗಳಿದ್ದಾನೆ ನೋಡೋಣ ಎಂದು ಉಳಿದ ಸಾಲುಗಳನ್ನೂ ಓದಿದೆ. ಓದಬಾರದಿತ್ತು.

"ಬೇರೆಲ್ಲಿಂದ ನೋಡಿದರೂ ಈ ನಕ್ಷತ್ರದಲ್ಲಿ ಯಾವ ಏರಿಳಿತವೂ ಇಲ್ಲ," ಎಂದು ಬರೆದಿದ್ದ. "ಇವರ ಪ್ರಕಾರ ಅದು ಹೊಳೆದ ದಿನಗಳೆಲ್ಲವೂ ಸೋಮವಾರಗಳು. ಇಂದು ಸೋಮವಾರ ಎಂದು ನಕ್ಷತ್ರಕ್ಕೆ ಹೇಗೆ ತಿಳಿಯುತ್ತದೆಂದು ನಮಗೆ ಗೊತ್ತಿಲ್ಲ. ಇವರು ಆಕಾಶವನ್ನು ಬಿಟ್ಟು ಸ್ವಲ್ಪ ಕಾಲ ತಮ್ಮ ಊರನ್ನು ಗಮನಿಸುವುದು ಒಳ್ಳೆಯದು."

ಎದ್ದೆನೋ ಬಿದ್ದೆನೋ ಎಂದು ಗುಮ್ಮಟಕ್ಕೆ ಓಡಿದೆ. ದೂರದರ್ಶಕವನ್ನು ಆ ನಕ್ಷತ್ರ ಇರುತ್ತಿದ್ದ ಕಡೆಗೆ ತಿರುಗಿಸಿ ನೋಡಿದೆ. ನೇರ ಎದುರಿಗೆ ಮಾವನ ಆಲೆಮನೆಯ ಚಿಮಣಿ, ಭುಸುಭುಸು ಹೊಗೆ ಬಿಡುತ್ತ ನಿಂತಿತ್ತು. ಅದರ ಹೊಳಪನ್ನು ಹೋಲಿಸಿ ಅಳೆಯಲು ಇಟ್ಟುಕೊಂಡಿದ್ದ ಇನ್ನೊಂದು ನಕ್ಷತ್ರ ಎತ್ತರದಲ್ಲಿದ್ದುದರಿಂದ ಅದಕ್ಕೆ ಹೊಗೆ ತಾಗಿರಲಿಲ್ಲ. ಬಸವಣ್ಣನ ವಾರ ಒಲೆಗೆ ರಜೆ, ನನ್ನ ನಕ್ಷತ್ರಕ್ಕೆ ಹಬ್ಬ. ಮಾವ ನಮ್ಮ ಮನೆಯಲ್ಲಿ ಕೂತು ನನ್ನನ್ನು ಹಂಗಿಸುತ್ತಿದ್ದಷ್ಟು ಹೊತ್ತೂ ಅದು ಹೊಳೆಯುತ್ತಿತ್ತು.

ಸಂದರ್ಶನದಲ್ಲಿ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಮಿತಿಯವರು ಕಣ್ಣೊರೆಸಿಕೊಂಡು ನಕ್ಕರು. ಅವರಲ್ಲಿ ಹಿರಿಯರೊಬ್ಬರು ಮಾತ್ರ ನಗು ನಿಲ್ಲಿಸಿ, "ಹೊಗೆ ನಕ್ಷತ್ರದ ಬೆಳಕನ್ನು ಎಷ್ಟು ತಿನ್ನುತ್ತದೆ ಅಂತ ಇಷ್ಟು ಚೆನ್ನಾಗಿ ಅಳೆದವರು ಬೇರೆ ಯಾರೂ ಇಲ್ಲ. ನೀವು ಗೊತ್ತಿಲ್ಲದೆ ಅಳೆದಿದ್ದೀರಿ, ಅಷ್ಟೇ. ಅದನ್ನೇ ಬರೆಯಿರಿ. ನಿಮ್ಮ ಹುದ್ದೆಯ ವಿಷಯ ಆಮೇಲೆ ನೋಡೋಣ," ಅಂದರು.

ಬರೆದೆ. ಅಕ್ಕಪಕ್ಕ ಗದ್ದೆ ಸುಡುವ, ಒಲೆ ಉರಿಸುವ ಊರುಗಳ ಗುಮ್ಮಟದವರೆಲ್ಲ ಒಬ್ಬೊಬ್ಬರಾಗಿ ನನ್ನನ್ನು ಹೆಸರಿಸತೊಡಗಿದರು. ನಕ್ಷತ್ರಗಳ ಬಗ್ಗೆ ಬರೆದಾಗ ತಿರುಗಿ ನೋಡದವರು ಹೊಗೆಯ ಬಗ್ಗೆ ಬರೆದಾಗ ಓದಿದರು. ಆಯುಷ್ಯವಿಡೀ ಆಕಾಶ ನೋಡಿ ಕೊನೆಗೆ ಒಲೆಯಿಂದ ಪ್ರೊಫೆಸರಾದೆ.

ಆದೇಶ ಬಂದದ್ದು ಸೋಮವಾರವೇ. ಸಂಜೆ ಮಾವನಿಗೆ ಎಲ್ಲವನ್ನೂ ವಿವರಿಸಿದೆ. ನಿಮ್ಮ ಆಲೆಮನೆಯಿಂದಲೇ ನಾನು ತಪ್ಪು ಬರೆದದ್ದು ಅಂದರೆ ಎಲ್ಲಿ ನೊಂದುಕೊಳ್ಳುತ್ತಾರೋ ಎಂದು ಅಳುಕಿತ್ತು. ಮಾವ ತಂದಿದ್ದ ಬೆಲ್ಲವನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು.

"ಅಂದ್ರೆ, ಫಾರಿನ್ನೋನ್ಗೆ ಗೊತ್ತಾಗಿದ್ದು ನಮ್ಮಾಲೆಮನೆ ಹೊಗೆನಾ?"

"ಹೌದು ಮಾವ."

"ಈಗ ಎಲ್ಲಾರೂ ನಿಮ್ಮೆಸ್ರು ಹೇಳ್ತಾ ಇರೋದು ಆ ಹೊಗೆಯಿಂದ್ಲೇಯಾ?"

"ಅದರಿಂದಲೇ."

ಮಾವ ಹೆಗಲ ಮೇಲಿನ ಟವೆಲ್ಲು ಕೊಡವಿ ನೆಟ್ಟಗೆ ಕೂತರು. "ಗೇಟು ಮಾಡೋ ಸಾಬ್ರೆಸ್ರು ಹಾಕಿದ್ರಂತೆ. ಇದ್ರಾಗೆ ನನ್ನೆಸ್ರು ಎಲ್ಲಿ?"

"ಮಾವ, ಅದನ್ನ ಬರೆದವನು ನಾನು..."

"ಬರ್ದೋರು ನೀವಿರ್ಬೋದು ಕಣ್ರಪ್ಪ. ಹೊಗೆ ನಮ್ದಲ್ವಾ?"

ಮುಂದಿನ ಲೇಖನದಲ್ಲಿ ಅವರ ಹೆಸರನ್ನೂ ಸೇರಿಸಿದೆ. ಮಾವ ಈಗಲೂ ಸೋಮವಾರ ತಪ್ಪದೆ ಬರುತ್ತಾರೆ, ಈಗಲೂ ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ.

"ಯಾರಾದ್ರೂ ನಮ್ಮೆಸ್ರು ಹೇಳುದ್ರಾ, ಅಳಿಯಂದ್ರೇ?"